ಫರಸಿಯ ಕೆಳಗಿನ ಹಗೇವು

ಲಿಲಾವಿನಲ್ಲಿ, ಅಂದರೆ ಸಾಲದ ಹರಾಜಿನಲ್ಲಿ, ಮನೆ ಹಿಡಿಯುವವನನ್ನು ಊರಿನಲ್ಲಿ ಯಾರೂ ಎರಡನೆಯ ಸಲ ಚಹಾ ಬೇಕೇ ಎಂದು ಕೇಳುವುದಿಲ್ಲ. ಮೊದಲನೆಯ ಸಲ ಕೇಳಿದ್ದೂ ಸುದ್ದಿ ತಿಳಿಯದೆ. ಒಬ್ಬನ ಕೈತಪ್ಪಿದ ಮನೆಯನ್ನು ಇನ್ನೊಬ್ಬ ಅಗ್ಗಕ್ಕೆ ಕೊಂಡನೆಂದರೆ ಅವನ ಬಗ್ಗೆ ಒಳ್ಳೆಯ ಮಾತು ಆಡುವುದು ಕಷ್ಟ. ಬೇರೆಯವನಾಗಿದ್ದರೆ ನಾನೂ ಆಡುತ್ತಿರಲಿಲ್ಲ. ಆದರೆ ಏನು ಮಾಡುವುದು, ನಿಜಾಮರ ಆ ಕಾಲದಲ್ಲಿ ಆಳಂದದ ಪೇಟೆಯಲ್ಲಿ ಅಂಗಿ ಹೊಲಿದುಕೊಂಡಿದ್ದ ನನಗೆ ಈ ಹುಚ್ಚು ಹಿಡಿದಿತ್ತು. ಹರಿದದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮಾಳಿಗೆ ಸೋರುವ, ಗೋಡೆ ಬಿರಿದ ಮನೆಯೊಂದು ಲಿಲಾವಿಗೆ ಬಂತೆಂದರೆ, ಒಂದಿಷ್ಟು ತೇಪೆ ಹಾಕಿ ಮಾರಿಬಿಡೋಣ ಎನ್ನಿಸುತ್ತಿತ್ತು. ನನ್ನ ಹೆಂಡತಿ ಗೌರವ್ವ ಮಾತ್ರ, "ಮೊದಲ ನಿಮ್ಮ ಧೋತರದ ತೂತು ಹೊಲ್ಕೋರಿ, ಆಮ್ಯಾಲ ಮಂದಿ ಮನಿ ಹೊಲಿಯಾಕ ಹೋಗೀರಂತ" ಎನ್ನುತ್ತಿದ್ದಳು. ಧೋತರದಲ್ಲಿ ತೂತು ಇದ್ದದ್ದು ನಿಜ.

ನಾನು ಕೊಂಡ ಮೊದಲ ಮನೆ ಜೇವರ್ಗಿಯಲ್ಲಿತ್ತು. ಕತ್ತಲೆ ಮನೆಯನ್ನು ಯಾರು ಕೊಳ್ಳುತ್ತಾರೆ ಎಂದು ಹಿಂದಿನ ಗೋಡೆ ಒಡೆಸಿ ದೊಡ್ಡದೊಂದು ಕಿಟಕಿ ಇಡಿಸಿದೆ. ಮರುದಿನ ಹೋಗಿ ನೋಡಿದರೆ ಕಿಟಕಿಯ ತುಂಬ ಎಮ್ಮೆಯ ಮುಖ. ಗೋಡೆಯಾಚೆ ನೆರೆಯವರ ಕೊಟ್ಟಿಗೆ ಇದೆಯೆಂಬುದನ್ನು ನಾನು ವಿಚಾರಿಸಿಯೇ ಇರಲಿಲ್ಲ. ಮನೆ ನೋಡಲು ಬಂದವರೆಲ್ಲ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿ ಹೋಗುತ್ತಿದ್ದರು. ಕೊನೆಗೆ ಎಮ್ಮೆಯ ಯಜಮಾನನೇ, ಒಳಗಿನಿಂದಲೇ ಮೇವು ಹಾಕಲು ಅನುಕೂಲವಾಯಿತೆಂದು ಆ ಮನೆ ಕೊಂಡ. ಅದು ಎಮ್ಮೆಯ ಪುಣ್ಯ. ನಾನು ಮಾತ್ರ ಅದನ್ನು ನನ್ನ ಜಾಣತನವೆಂದುಕೊಂಡು ಎರಡನೆಯ ಮನೆಗೆ ಕೈಹಾಕಿದೆ.

ಅದು ಮಾದನಹಿಪ್ಪರಗಾದ ಬಸಣ್ಣನ ಮನೆ. ಬಸಣ್ಣ ಹೆಂಡತಿಯ ತಮ್ಮನಿಗೆ ಜಾಮೀನು ನಿಂತು, ಆ ತಮ್ಮ ಊರು ಬಿಟ್ಟು ಓಡಿ, ಕೋರ್ಟಿನ ಅಮೀನ ಬಂದು ಒಂದೇ ಬೆಳಗಿನಲ್ಲಿ ಮನೆಗೆ ಬೀಗ ಜಡಿದಿದ್ದ. ಲಿಲಾವಿನಲ್ಲಿ ಊರಿನವರು ಯಾರೂ ಕೂಗಲಿಲ್ಲ. ಕೂಗಿದವನು ನಾನೊಬ್ಬನೇ. ಅದಕ್ಕಾಗಿ ನನ್ನ ಹೊಲಿಗೆ ಮಿಶನ್ನನ್ನು ಎದುರಂಗಡಿಯ ದರ್ಜಿ ಮಹಬೂಬನ ಹತ್ತಿರ ಒತ್ತೆ ಇಟ್ಟೆ. ನಾಗರ ಪಂಚಮಿಯೊಳಗೆ ಬಿಡಿಸಿಕೊಳ್ಳದಿದ್ದರೆ ಮಿಶನ್ನು ಅವನದೇ. ಅವನೇನೋ ಒಳ್ಳೆಯವನು, ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಬಿಟ್ಟು ಒರೆಸಿ ಇಡುತ್ತಿದ್ದ. ನಾನು ಮಾತ್ರ ಕೈಯಲ್ಲೇ ಗುಂಡಿ ಹಚ್ಚುತ್ತ, ಅದನ್ನು ದೂರದಿಂದ ನೋಡುತ್ತ ಕೂತಿರುತ್ತಿದ್ದೆ. ಮಿಶನ್ನು ಹೋದರೆ ನಾನು ದರ್ಜಿಯೂ ಅಲ್ಲ, ಸಾಹುಕಾರನೂ ಅಲ್ಲ.

ಮನೆ ರಿಪೇರಿ ಶುರುವಾಯಿತು. ಬಸಣ್ಣ ಓಣಿಯ ಆಚೆ ಬದಿಗೆ ಬಾಡಿಗೆಯ ಎರಡು ಖೋಲಿಯಲ್ಲಿದ್ದ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ನಮ್ಮ ಕೆಲಸ ನೋಡುತ್ತಿದ್ದ. ತನ್ನದೇ ಮನೆಯ ಹೊಸ್ತಿಲನ್ನು ಒಮ್ಮೆಯೂ ದಾಟಲಿಲ್ಲ. ಮಾಳಿಗೆಗೆ ಹೊಸ ಮಣ್ಣು ಹಾಕಿಸಿದಾಗ, "ಚೊಲೋ ಆತ್ರಿ ಮಾಸ್ತರ" ಎಂದ. ನಮ್ಮ ಕಡೆ ದರ್ಜಿಗಳಿಗೂ ಮಾಸ್ತರ ಎನ್ನುವುದುಂಟು. ಗೋಡೆ ಸಾರಿಸಿದಾಗಲೂ, "ಚೊಲೋ ಆತ್ರಿ". ನಾನು ಉಬ್ಬಿಹೋಗಿ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಲು ಎರಡು ಗಾಡಿ ಕಲ್ಲು ತರಿಸಿದೆ. ಅಂದು ಮಾತ್ರ ಅವನು ಎದ್ದು ನಿಂತ.

"ಅಂಗಳಕ್ಕ ಫರಸಿ ಯಾಕ ಹಾಕ್ತೀರಿ? ಮಣ್ಣಿದ್ರ ತಂಪು ಇರ್ತದ್ರಿ."

"ಈಗಿನ ಮಂದಿಗೆ ಫರಸಿನೇ ಬೇಕು ಬಸಣ್ಣೋರ" ಎಂದೆ.

ಅವನು ಸ್ವಲ್ಪ ಹೊತ್ತು ಕಲ್ಲುಗಳನ್ನು ನೋಡಿ, "ಹಂಗಾದ್ರ ಹಾಕ್ರಿ. ನಿಮ್ಮ ಮನಿ" ಎಂದು ಕೂತುಬಿಟ್ಟ. ಪಾಪ, ಹೊಟ್ಟೆಕಿಚ್ಚು ಎಂದುಕೊಂಡೆ. ಕಲ್ಲು ಹಾಸಿಸಿದೆ, ಸಂದಿಗೆಲ್ಲ ಗಚ್ಚು ತುಂಬಿಸಿದೆ. ಅಂಗಳ ಎಷ್ಟು ಚೆಂದ ಕಂಡಿತೆಂದರೆ ಗೌರವ್ವನನ್ನು ಗಾಡಿ ಮಾಡಿ ಕರೆತಂದು ತೋರಿಸಿದೆ. ಅವಳು ಕಲ್ಲಿನ ಮೇಲೆ ಒಮ್ಮೆ ನಡೆದು, "ಕಾಲು ಸುಡ್ತಾವ" ಎಂದಳು.

ಪಂಚಮಿಗೆ ಇನ್ನು ಎಂಟು ದಿನ ಇರುವಾಗ ಕೊಳ್ಳುವವನೊಬ್ಬ ಬಂದ. ಅಫಜಲಪುರ ತಾಲೂಕಿನ ಅತನೂರಿನ ಶಿವರಾಯ, ಗಟ್ಟಿ ಒಕ್ಕಲುತನದ ಆಸಾಮಿ. ಹೆಂಡತಿಯ ಪಾಲಿಗೆ ಈ ಊರಿನಲ್ಲಿ ಹೊಲ ಬಂದಿತ್ತು, ಅದಕ್ಕೆ ಮನೆ ಬೇಕಿತ್ತು. ಮಾಳಿಗೆ ನೋಡಿದ, ತೊಲೆ ತಟ್ಟಿ ನೋಡಿದ, ಎಲ್ಲವೂ ಒಪ್ಪಿಗೆಯಾಯಿತು. ನನ್ನ ಕಣ್ಣ ಮುಂದೆ ಮಿಶನ್ನು ಕುಣಿಯತೊಡಗಿತು. ಕೊನೆಗೆ ಅಂಗಳದ ನಡುವೆ ನಿಂತು ಅವನು ಕೇಳಿದ, "ಹಗೇವು ಎಲ್ಲಿ ಅದರಿ?"

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಹತ್ತಾರು ಚೀಲ ನುಂಗುವಷ್ಟು. ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದು ಸಾರಿಸಿಬಿಟ್ಟರೆ ಅಲ್ಲೇನೋ ಇದೆಯೆಂದು ಅಪರಿಚಿತರಿಗೆ ತಿಳಿಯುವುದಿಲ್ಲ. ಮನೆಯವರು ಅದರ ಜಾಗವನ್ನು ಹೊರಗಿನವರಿಗೆ ಹೇಳುವುದಿಲ್ಲ. ಹೊರಗಿನವರು ಕೇಳುವುದೂ ಇಲ್ಲ, ಕೊಳ್ಳುವವನೊಬ್ಬನನ್ನು ಬಿಟ್ಟು. ನಾನೂ ಕೊಂಡವನೇ, ಕೇಳಬೇಕಿತ್ತು. ಆದರೆ ವಾರಕ್ಕೆ ನಾಲ್ಕು ಸೇರು ಜೋಳ ಸಂತೆಯಿಂದ ತಂದು ಡಬ್ಬಿಗೆ ಸುರಿಯುವ ದರ್ಜಿಗೆ ಹಗೇವಿನ ನೆನಪು ಎಲ್ಲಿಂದ ಬರಬೇಕು?

"ಈ ಮನ್ಯಾಗ ಹಗೇವು ಇಲ್ರಿ" ಎಂದೆ.

ಶಿವರಾಯ ರುಮಾಲು ಸರಿಮಾಡಿಕೊಂಡು ಬಾಗಿಲಿನ ಕಡೆ ಹೊರಟ. "ಹಗೇವು ಇಲ್ಲದ ಮನ್ಯಾಗ ಇಷ್ಟ ದಿನ ಯಾವ ಭಿಕಾರಿ ಇದ್ದ?" ಎಂದು ಜೋರಾಗಿಯೇ ಅಂದ.

ಆಚೆಯ ಕಟ್ಟೆಯಿಂದ ಬಸಣ್ಣ ಎದ್ದ. ಓಣಿ ದಾಟಿದ, ಹೊಸ್ತಿಲನ್ನೂ ದಾಟಿದ. "ಭಿಕಾರಿ ಅಲ್ರಿ, ನಾ ಇದ್ದೆ" ಎಂದ. ಹೊಸ್ತಿಲಿಗೆ ಹಿಮ್ಮಡಿ ಹಚ್ಚಿ ಅಂಗಳಕ್ಕೆ ಏಳು ಹೆಜ್ಜೆ ಎಣಿಸಿದ, ಎಡಕ್ಕೆ ಎರಡು ಹೆಜ್ಜೆ ಸರಿದು, ಹೆಬ್ಬೆರಳಿನಿಂದ ಒಂದು ಕಲ್ಲನ್ನು ಒತ್ತಿದ. "ಇದನ್ನ ಎಬ್ಬಸ್ರಿ. ನಮ್ಮ ಅಜ್ಜ ತೋಡಿಸಿದ ಹಗೇವು ಅದ."

ನಾನು ಗಚ್ಚು ತುಂಬಿಸಿ ಭದ್ರ ಮಾಡಿದ್ದ ಕಲ್ಲನ್ನು ನಾನೇ ಹಾರೆ ಹಿಡಿದು ಎಬ್ಬಿಸಿದೆ. ಗಚ್ಚಿನ ಕೆಲಸ ಎಷ್ಟು ಗಟ್ಟಿಯಾಗಿತ್ತೆಂಬುದು ಅಂದು ನನ್ನ ಸೊಂಟಕ್ಕೆ ತಿಳಿಯಿತು. ಮಣ್ಣು ಸರಿಸಿ, ಹಳೆಯ ಮುಚ್ಚುಗಲ್ಲು ತೆಗೆದೆವು. ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಬೇಕು. ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟು ಮೂವರೂ ಸುತ್ತ ಕೂತೆವು. ಬಸಣ್ಣನ ಹೆಂಡತಿ ನೀಲಮ್ಮ ಮೂವರಿಗೂ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಲಿಲಾವಿನಲ್ಲಿ ಕೂಗಿದ ನನಗೂ ಎರಡನೆಯ ಸಲ ರೊಟ್ಟಿ ಬೇಕೇ ಎಂದು ಕೇಳಿದಳು.

ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟೆವು. ದೀಪ ಆರಲಿಲ್ಲ. ಅದರ ಬೆಳಕಿನಲ್ಲಿ ಕಂಡದ್ದು ಬರಿ ನೆಲವಲ್ಲ, ಅರ್ಧ ಹಗೇವು ಜೋಳ. ಅಮೀನ ಬಂದ ಬೆಳಿಗ್ಗೆ ತೆಗೆಯಲಾಗದೆ ಉಳಿದದ್ದು. ಬಸಣ್ಣ ಇಳಿದು ಒಂದು ಬೊಗಸೆ ತಂದ. ಶಿವರಾಯ ಎರಡು ಕಾಳು ಬಾಯಿಗೆ ಹಾಕಿ ಕಡಿದ. ಕಟ್ ಎಂದಿತು. "ಇಷ್ಟು ದಿನದ ಮ್ಯಾಲೂ ಹುಳ ಇಲ್ಲ, ಬೂಸ್ಟಿಲ್ಲ. ಇಂಥಾ ಹಗೇವು ನಮ್ಮ ಊರಾಗೂ ಇಲ್ರಿ. ಮನಿ ನಂದು" ಎಂದ.

"ಮನಿ ಅವರದು, ಜೋಳನೂ ಅವರದ" ಎಂದು ಬಸಣ್ಣ ನನ್ನತ್ತ ಕೈ ತೋರಿಸಿದ. ಸುಳ್ಳೇಕೆ ಹೇಳಲಿ, ಅರ್ಧ ನಿಮಿಷ ನಾನು ಮನಸ್ಸಿನಲ್ಲೇ ಚೀಲ ಎಣಿಸಿದೆ. ಆಮೇಲೆ ನೀಲಮ್ಮನ ರೊಟ್ಟಿಯ ಬುಟ್ಟಿ ಕಣ್ಣಿಗೆ ಬಿತ್ತು. ತಮ್ಮ ಜೋಳ ನನ್ನ ಫರಸಿಯ ಕೆಳಗಿರಲು, ಅವರು ಸಂತೆಯ ಜೋಳ ಕೊಂಡು ನನಗೆ ರೊಟ್ಟಿ ಬಡಿದು ಹಾಕಿದ್ದರು. ನನಗೆ ಬಹಳ ನಾಚಿಕೆಯಾಯಿತು. "ಲಿಲಾವಿನ ಕಾಗದದಾಗ ಗೂಟ ಸುದ್ದಾ ಬರದಾರ, ಜೋಳ ಬರದಿಲ್ಲ. ಹೊತ್ಕೊಂಡು ಹೋಗ್ರಿ ಬಸಣ್ಣೋರ" ಎಂದೆ. ಕಾಗದ ಉರ್ದುವಿನಲ್ಲಿತ್ತು. ಅದನ್ನು ಓದಲು ನನಗೆ ಬರುತ್ತಿರಲಿಲ್ಲ.

ಪಂಚಮಿಗೆ ಎರಡು ದಿನ ಮುಂಚೆ ಮಿಶನ್ನು ಮನೆಗೆ ಬಂತು. ಗೌರವ್ವ ಅದಕ್ಕೆ ಕುಂಕುಮ ಹಚ್ಚಿದಳು. ಬಸಣ್ಣ ಸುಮ್ಮನೆ ಕಟ್ಟೆಯ ಮೇಲೆ ಕೂತಿದ್ದರೆ ನನ್ನ ಅನ್ನ ಹೋಗುತ್ತಿತ್ತು. ಅವನ ಋಣ ಹೇಗೆ ತೀರಿಸಲಿ ಎಂದು ಯೋಚಿಸಿ, ಮಿಶನ್ನಿನ ಮೇಲೆ ಮೊದಲು ಅವನಿಗೇ ಒಂದು ಅಂಗಿ ಹೊಲಿದೆ. ಒಳ್ಳೆಯ ಬಟ್ಟೆ, ಎರಡೆರಡು ಹೊಲಿಗೆ, ಅಷ್ಟು ಮನಸ್ಸಿಟ್ಟು ನಾನು ಯಾರಿಗೂ ಹೊಲಿದದ್ದಿಲ್ಲ.

ಸಂತೆಯ ದಿನ ಬಸಣ್ಣ ಆಳಂದಕ್ಕೆ ಬಂದ. ಅಂಗಿ ತೊಟ್ಟು, ತೋಳು ಚಾಚಿ ನೋಡಿ, "ಚೊಲೋ ಆತ್ರಿ ಮಾಸ್ತರ" ಎಂದ. ಆಮೇಲೆ ಎಲೆಯಡಿಕೆಯ ಸಂಚಿ ಕೈಯಲ್ಲಿ ಹಿಡಿದು ಎದೆಯ ಎಡಕ್ಕೆ ತಡಕಿದ, ಬಲಕ್ಕೆ ತಡಕಿದ, ಪಕ್ಕಗಳನ್ನೂ ಸವರಿದ. ಗೌರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಆ ಅಂಗಿಗೆ ಕಿಸೆಯನ್ನೇ ಇಟ್ಟಿರಲಿಲ್ಲ.

ಬಸಣ್ಣ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಣ್ಣಗೆ ಕೇಳಿದ: "ಹಗೇವು ಎಲ್ಲಿ ಅದರಿ, ಮಾಸ್ತರ?"