ಬಾರದ ಯಂತ್ರಕ್ಕೊಂದು ಪೆಟ್ಟಿಗೆ

ಪಹಣಿ ನಕಲು ಮಾಡುವವನು ಕಾಗದವನ್ನು ನಂಬಬಾರದು. ಕಾಗದದಲ್ಲಿ ಬಾವಿ ಇರುತ್ತದೆ, ಜಾಗಕ್ಕೆ ಹೋಗಿ ನೋಡಿದರೆ ಬಾವಿ ತೋಡಿಸಬೇಕೆಂಬ ಆಸೆ ಮಾತ್ರ ಇರುತ್ತದೆ. ನಾನೇ ಒಮ್ಮೆ ಊಟದ ಹೊತ್ತಿನ ಅವಸರದಲ್ಲಿ ಒಬ್ಬ ಬಡಪಾಯಿಯ ಗದ್ದೆಯನ್ನು ಕಲ್ಲುಗುಡ್ಡ ಮಾಡಿ, ಅವನು ಬಂದು ಲಬೋ ಲಬೋ ಅಂದ ಮೇಲೆ ಮತ್ತೆ ಗದ್ದೆ ಮಾಡಿಕೊಟ್ಟಿದ್ದೇನೆ. ಇಷ್ಟೆಲ್ಲ ಕಂಡೂ ಅಚ್ಚಾದ ಅಕ್ಷರ ಕಣ್ಣಿಗೆ ಬಿದ್ದರೆ ಸಾಕು, ನನ್ನ ಬುದ್ಧಿ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತುಬಿಡುತ್ತದೆ. ಕೂದಲೆಣ್ಣೆಯ ಜಾಹೀರಾತು ನಂಬಿ ಇದ್ದ ಕೂದಲನ್ನೂ ಕಳೆದುಕೊಂಡವನು ನಾನು. ಕೂದಲು ಹೋಗಲಿ, ಅದು ನನ್ನ ತಲೆಯ ಮೇಲಿದ್ದದ್ದು, ಕೇಳುವವರು ಯಾರು? ಆದರೆ ಇದೇ ಚಾಳಿಯಿಂದ ಇನ್ನೊಬ್ಬರ ಕೈಕೆಲಸವೊಂದನ್ನು ಹಾಳುಮಾಡಿದೆನಲ್ಲ, ಅದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ತುರ್ತು ಪರಿಸ್ಥಿತಿ ಮುಗಿದು ಎಲ್ಲರಿಗೂ ಮಾತು ಮರಳಿ ಬಂದಿದ್ದ ಕಾಲ ಅದು. ನನಗೆ ಸ್ವಲ್ಪ ಹೆಚ್ಚೇ ಬಂದಿತ್ತು. ನನಗೆ ಗುಮಾಸ್ತಿಕೆ ಸೊರಬದಲ್ಲಿ, ಮನೆ ಶಿಕಾರಿಪುರದಲ್ಲಿ. ವಾರವೆಲ್ಲ ಅಲ್ಲೊಂದು ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು ಇದ್ದು, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದೆ. ಬರುತ್ತಿದ್ದದ್ದು ಹೆಂಡತಿಯನ್ನು ನೋಡಲು ಎಂದು ಹೆಂಡತಿ ತಿಳಿದಿದ್ದಳು. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಾನು ಬರುತ್ತಿದ್ದದ್ದು ಕೇರಂ ಆಡಲು. ಬಡಗಿ ಇಮಾಮ್ ಸಾಬರ ಕೆಲಸದ ಕೊಟ್ಟಿಗೆಯಲ್ಲಿ ಭಾನುವಾರ ಬೆಳಗಿನಿಂದ ಆಟ ಶುರುವಾದರೆ ಹೆಂಡತಿ ಊಟಕ್ಕೆ ಹೇಳಿ ಕಳಿಸುವವರೆಗೂ ನಡೆಯುತ್ತಿತ್ತು. ಸಾಬರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಉಳಿ ಹಿಡಿಯುವ ಆ ದಪ್ಪ ಬೆರಳಿನಿಂದ ಸ್ಟ್ರೈಕರನ್ನು ಸುಮ್ಮನೆ ಮುಟ್ಟಿದಂತೆ ಮಾಡುತ್ತಿದ್ದರು, ರಾಣಿ ತಾನಾಗಿ ತವರಿಗೆ ಹೊರಟವಳಂತೆ ಮೂಲೆಯ ತೂತಿಗೆ ಇಳಿಯುತ್ತಿದ್ದಳು. ನಾನು ಹೊಡೆದರೆ ರಾಣಿ ಇದ್ದಲ್ಲೇ ಇದ್ದು ಸ್ಟ್ರೈಕರು ತೂತಿಗೆ ಬೀಳುತ್ತಿತ್ತು. ನಾನು ಆಟಗಾರನಲ್ಲ, ಅಭಿಮಾನಿ. ಗಲಾಟೆ ಮಾಡುವವರು ಯಾವಾಗಲೂ ಅಭಿಮಾನಿಗಳೇ.

ನಾವು ಆಡುತ್ತಿದ್ದ ಹಳೇ ಬೋರ್ಡು ಸಾಬರ ತಂದೆಯ ಕಾಲದ್ದು. ಅದು ಯಾವಾಗಲೋ ಒಂದು ಪಕ್ಕಕ್ಕೆ ಬಾಗಿ, ಅಂಜನಾಪುರದ ನಾಲೆಯ ನೀರಿನಂತೆ ಎಲ್ಲಿ ಬಿಟ್ಟ ಕಾಯಿಯೂ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ನನ್ನ ಸೋಲನ್ನೆಲ್ಲ ಅದರ ತಲೆಗೆ ಕಟ್ಟಿ, ಹೊಸದೊಂದು ಮಾಡಿಕೊಡಿ ಎಂದು ಸಾಬರ ಬೆನ್ನು ಬಿದ್ದೆ. ಅವರು ತಕ್ಷಣ ಒಪ್ಪಲಿಲ್ಲ. ಎಲ್ಲೋ ಕೆಡವಿದ ಹಳೇ ಮನೆಯ ಬಾಗಿಲವಾಡದ ಬೀಟೆ ಸಿಗುವವರೆಗೆ ಕಾದರು. ನೂರು ವರ್ಷ ಬಾಗಿಲು ಹೊತ್ತ ಮರ ಇನ್ನು ಬಾಗುವುದಿಲ್ಲ ಎಂಬುದು ಅವರ ಲೆಕ್ಕ. ಮರ ಸಿಕ್ಕ ಮೇಲೆ ಅದನ್ನು ಸೀಳಿ, ಪಟ್ಟಿ ಮಾಡಿ, ಕೊಟ್ಟಿಗೆಯ ಮಾಡಿನ ಕೆಳಗೆ ಒರಗಿಸಿಟ್ಟು, ಒಂದು ಮಳೆಗಾಲ ದಾಟಲಿ, ಆಮೇಲೆ ಜೋಡಿಸುತ್ತೇನೆ ಎಂದರು. ಮರ ಒಂದು ಮಳೆ ಕುಡಿದು ಒಂದು ಬಿಸಿಲು ಕಾಣದೆ ಚೌಕಟ್ಟು ಕೂಡಿಸುವವರಲ್ಲ ಅವರು. ಆ ನಡುವೆ ಮೇಲ್ಹಾಸಿನ ಪ್ಲೈವುಡ್ಡನ್ನು ಬಿಡುವಾದಾಗೆಲ್ಲ ಉಪ್ಪು ಕಾಗದದಲ್ಲಿ ಉಜ್ಜುತ್ತಿದ್ದರು. ಶುಕ್ರವಾರ ನಮಾಜು ಮುಗಿಸಿ ಬಂದವರು ಅಂಗಿ ಕಳಚಿ ಬನಿಯನ್ನಿನಲ್ಲಿ ಕೂತು ಉಜ್ಜುವುದು, ಅಂಗೈ ಆಡಿಸುವುದು, ತಲೆ ಅಲ್ಲಾಡಿಸಿ ಮತ್ತೆ ಉಜ್ಜುವುದು. ನಾನು ಪ್ರತಿ ಭಾನುವಾರ ಹೋಗಿ, ಇನ್ನೂ ಆಗಲಿಲ್ಲವೇ ಎಂದು ಕೇಳುತ್ತಿದ್ದೆ. ಕೇಳುತ್ತಿದ್ದದ್ದು ಅದೊಂದೇ ಮಾತು.

ಕಾಯುವವನ ಮನಸ್ಸು ಖಾಲಿ ಅಂಗಡಿ, ಯಾರು ಬೇಕಾದರೂ ಬಾಡಿಗೆಗೆ ಬರಬಹುದು. ಒಂದು ಸೋಮವಾರ ಸೊರಬಕ್ಕೆ ಹೋಗುವಾಗ ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿತು, ಹುರಿದ ಶೇಂಗಾ ಕೊಂಡೆ. ಶೇಂಗಾ ಮುಗಿದ ಮೇಲೆ ಪೊಟ್ಟಣ ಬಿಡಿಸಿ ಓದುವುದು ನನ್ನ ಅಭ್ಯಾಸ. ಅದು ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆ. ಟೆಲಿವಿಷನ್ನಿಗೆ ಜೋಡಿಸಿ ಆಟ ಆಡುವ ಹೊಸ ಯಂತ್ರವೊಂದು ಬರಲಿದೆ ಎಂದು ಅದರಲ್ಲಿ ಪ್ರಕಟಣೆ. ಚಿತ್ರವೂ ಇತ್ತು. ಕಪ್ಪು ಡಬ್ಬಿ, ಮುಂದೆ ಮರದ ಪಟ್ಟಿ, ಪಕ್ಕದಲ್ಲಿ ಹಿಡಿದು ಅಲ್ಲಾಡಿಸಲು ಎರಡು ಸಣ್ಣ ಕೋಲು. ಪರದೆಯ ಮೇಲೆ ಬೆಳಕಿನ ಚುಕ್ಕೆ ಓಡುತ್ತದಂತೆ, ಗೋಡೆಗೆ ಬಡಿದು ವಾಪಸ್ಸು ಬರುತ್ತದಂತೆ. ಒಂದೇ ಡಬ್ಬಿಯಲ್ಲಿ ಹತ್ತಾರು ಆಟಗಳಂತೆ. ಯಾವ ದೇಶದಲ್ಲಿ, ಯಾವಾಗ, ಎಷ್ಟಕ್ಕೆ ಎಂಬುದೆಲ್ಲ ಇದ್ದ ಕೆಳಗಿನ ಅರ್ಧ ಹರಿದು ಇನ್ಯಾರದೋ ಶೇಂಗಾಕ್ಕೆ ಹೋಗಿತ್ತು. ಆ ಅರ್ಧವನ್ನು ಸೊರಬ ಮುಟ್ಟುವಷ್ಟರಲ್ಲಿ ನಾನೇ ತುಂಬಿಕೊಂಡೆ. ಎರಡು ವರ್ಷದೊಳಗೆ ಬರುತ್ತದೆ, ಎಲ್ಲ ಕಡೆಗೂ ಬರುತ್ತದೆ, ಮೊದಲು ಶಿಕಾರಿಪುರಕ್ಕೆ ಬರುತ್ತದೆ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಕೆರಿಯಪ್ಪನಿಗೆ ಹಾಳೆ ತೋರಿಸಿದೆ. ಅವನು ಚಂದ್ರಗುತ್ತಿ ಕಡೆಯವನು, ಯಾವುದನ್ನೂ ಮುಟ್ಟಿ ನೋಡದೆ ನಂಬುವವನಲ್ಲ. ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದ: “ಅದೆಲ್ಲ ಸರಿ ಮಾರಾಯ್ರೇ, ಟೆಲಿವಿಷನ್ ಎಲ್ಲಿದೆ?” ಅದೂ ಬರುತ್ತದೆ ಎಂದೆ. ಕರೆಂಟು? ಅದೂ ನಿಲ್ಲುತ್ತದೆ, ಅಂದರೆ ಹೋಗದೆ ನಿಲ್ಲುತ್ತದೆ ಎಂದೆ. ನಾನು ಆವರೆಗೆ ಟೆಲಿವಿಷನ್ನನ್ನು ಕಣ್ಣಿಂದ ಕಂಡವನಲ್ಲ ಎಂಬ ಸಣ್ಣ ಸಂಗತಿ ನನ್ನ ಭಾಷಣಕ್ಕೆ ಅಡ್ಡ ಬರಲಿಲ್ಲ. ಆ ವಾರವೆಲ್ಲ ಖಾತೆ ಬದಲಾವಣೆಗೆ ಬಂದವರು ನನ್ನಿಂದ ಬೆಳಕಿನ ಚುಕ್ಕೆಯ ವಿವರಣೆ ಕೇಳಿಕೊಂಡು ಹೋದರು. ತಮ್ಮ ಕೆಲಸ ಆಗಬೇಕಾದವರು ಎಷ್ಟು ಚೆನ್ನಾಗಿ ಕೇಳುತ್ತಾರೆ ಎಂಬುದು ಗುಮಾಸ್ತರಿಗಷ್ಟೇ ಗೊತ್ತು.

ಆದರೆ ಶನಿವಾರ ಬಸ್ಸು ಹತ್ತಿ ಊರ ಕಡೆ ಹೊರಟರೆ ನನ್ನ ಮುಖ ಸಣ್ಣಗಾಗುತ್ತಿತ್ತು. ಪೌಡರು ಹಾಕದ ಆಟ ಎಂಥ ಆಟ? ಕಾಯಿಗೆ ಕಾಯಿ ತಾಗಿದಾಗ ಟಕ್ಕೆನ್ನದಿದ್ದರೆ ಸೋತದ್ದು ಗೊತ್ತಾಗುವುದಾದರೂ ಹೇಗೆ? ಎದುರಿಗೆ ಕೂತವರ ಮುಖ ನೋಡದೆ ಇಬ್ಬರೂ ಡಬ್ಬಿಯ ಮುಖ ನೋಡಿಕೊಂಡು ಕೂತರೆ ಜಗಳ ಯಾರ ಜತೆ ಆಡುವುದು? ಹೀಗೆ ಸೊರಬದಲ್ಲಿ ಯಂತ್ರದ ಪಕ್ಷ, ಶಿಕಾರಿಪುರದಲ್ಲಿ ಕೇರಂ ಪಕ್ಷ, ಶಿರಾಳಕೊಪ್ಪ ದಾಟುವಾಗ ಪಕ್ಷಾಂತರ. ಆ ದಿನಗಳಲ್ಲಿ ದೊಡ್ಡ ದೊಡ್ಡವರೇ ಮಾಡುತ್ತಿದ್ದ ಕೆಲಸವಾದ್ದರಿಂದ ನನಗೆ ನಾಚಿಕೆಯೇನೂ ಆಗಲಿಲ್ಲ. ನಾಚಿಕೆ ಆಗಿದ್ದರೆ ಒಳ್ಳೆಯದಿತ್ತು.

ಒಂದು ಭಾನುವಾರ ಪಕ್ಷ ಬದಲಿಸಲು ಮರೆತೆ. ಸತತ ಮೂರು ಆಟ ಸೋತಿದ್ದೆ. ಸಿಟ್ಟಿನಲ್ಲಿ ಜೇಬಿನಿಂದ ಹಾಳೆ ತೆಗೆದು ಸಾಬರ ಮುಂದೆ ಹಾಸಿ, ನೋಡಿ ಇಂಥದು ಬರುತ್ತಿದೆ ಎಂದು ಶುರು ಮಾಡಿದೆ. ಅವರು ಕನ್ನಡಕ ಏರಿಸಿ ಚಿತ್ರ ನೋಡಿದರು. ನಿಮ್ಮ ಕೆಲಸದ ಹಾಗೆಯೇ ಮುಂದೆ ಮರದ ಪಟ್ಟಿ ಇದೆ ನೋಡಿ ಎಂದು ಅವರಿಗೆ ಹಿತವಾಗಲೆಂದು ತೋರಿಸಿದೆ. ಸಾಬರು ಬೆರಳಿಟ್ಟು ನೋಡಿ ಹೇಳಿದರು: “ಇದು ಮರ ಅಲ್ಲ ಬಿಡ್ರಿ. ಮರದ ಚಿತ್ರ.” ಶೇಂಗಾ ಎಣ್ಣೆ ಹೀರಿದ ಕಾಗದದ ಮೇಲೆ ಅದನ್ನು ಹೇಗೆ ಕಂಡುಹಿಡಿದರೋ ದೇವರಿಗೇ ಗೊತ್ತು. ಅಲ್ಲಿಗೇ ನನ್ನ ಕಣ್ಣು ತೆರೆಯಬೇಕಿತ್ತು. ತೆರೆಯಲಿಲ್ಲ. ಎಷ್ಟು ದೊಡ್ಡದಿರಬಹುದು ಎಂದು ಅವರು ಕೇಳಿದರು. ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ನಾಲ್ಕು ಮಾತಿನಲ್ಲಿ ಮುಗಿಯಬೇಕಾದ ವರ್ಣನೆ ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ, ಆ ಕೊನೆಯ ಮಾತನ್ನು ನುಂಗಿಕೊಂಡಿದ್ದರೆ ಇವತ್ತು ಇದನ್ನೆಲ್ಲ ಬರೆಯುತ್ತಿರಲಿಲ್ಲ, ಕೊನೆಗೆ ಹೇಳಿದೆ: “ಎರಡು ವರ್ಷ ಅಷ್ಟೇ ಸಾಬ್ರೇ. ಆಮೇಲೆ ಕೇರಂ ಬೋರ್ಡನ್ನ ಯಾರೂ ಮೂಸಿ ನೋಡಲ್ಲ.”

ಸಾಬರು ಪೌಡರ್ ಡಬ್ಬಿಯ ಮುಚ್ಚಳ ಹಾಕಿದರು. ಓದಿದವರು ಹೇಳುತ್ತೀರಿ ಎಂದರೆ ಇರಬೇಕು ಎಂದಷ್ಟೇ ಅಂದರು. ಅವರು ನನ್ನ ಮಾತನ್ನು ಹಾಗೆ ಒಪ್ಪಿಕೊಳ್ಳಲು ಕಾರಣವಿತ್ತು. ಅವರ ಕೊಟ್ಟಿಗೆಗೆ ಕರೆಂಟು ಬಂದದ್ದು ನಾನು ಬರೆದುಕೊಟ್ಟ ಅರ್ಜಿಯಿಂದ. ಬರುತ್ತದೆ ಎಂದು ನಾನು ಹೇಳಿದ್ದೆ, ಬಂದಿತ್ತು. ಹೀಗಾಗಿ ಆ ಮನೆಯಲ್ಲಿ ನಾನು ಬರುತ್ತದೆ ಎಂದದ್ದೆಲ್ಲ ಬರುವ ವಸ್ತುವೇ.

ಮುಂಬಯಿಯಲ್ಲಿದ್ದ ನನ್ನ ಚಿಕ್ಕಪ್ಪನ ಮಗನಿಗೆ ಯಂತ್ರದ ವಿಷಯ ವಿಚಾರಿಸಿ ಕಾಗದ ಬರೆದಿದ್ದೆ. ಎರಡು ತಿಂಗಳಾದ ಮೇಲೆ ಕಾರ್ಡು ಬಂತು. ಅದು ಹೊರದೇಶದ ಸರಕು, ಇಲ್ಲಿಯ ಅಂಗಡಿಯವರಿಗೆ ಅದರ ಹೆಸರೂ ಗೊತ್ತಿಲ್ಲ, ಮೊದಲು ನಿಮ್ಮೂರಿಗೆ ಟೆಲಿವಿಷನ್ ಬರಲಿ, ಅತ್ತಿಗೆಗೆ ನಮಸ್ಕಾರ ತಿಳಿಸು ಎಂದು ಬರೆದಿದ್ದ. ಕಾರ್ಡು ಓದಿ ನನಗೆ ನಿರಾಸೆಯಾಗಬೇಕಿತ್ತು. ಆಗಲಿಲ್ಲ, ಎದೆ ಹಗುರಾಯಿತು. ಸದ್ಯ, ಕೇರಂ ಬದುಕಿತು ಎನಿಸಿತು. ಅಷ್ಟರಲ್ಲಿ ಮಳೆಗಾಲವೂ ಮುಗಿದಿತ್ತು. ಕಚೇರಿಯ ಕೆಲಸ, ಮಾವನವರ ಕಾಯಿಲೆ ಎಂದು ಐದಾರು ಭಾನುವಾರ ನಾನು ಸಾಬರ ಕಡೆ ಹೋಗಿರಲೇ ಇಲ್ಲ. ಆ ವಾರ ಪೇಡೆ ಕಟ್ಟಿಸಿಕೊಂಡು, ಹೊಸ ಸ್ಟ್ರೈಕರ್ ಜೇಬಿಗೆ ಹಾಕಿಕೊಂಡು, ನನ್ನ ಬೋರ್ಡು ತರಲು ಹೊರಟೆ.

ಕೊಟ್ಟಿಗೆಯ ನಡುವೆ ಒಂದು ಪೆಟ್ಟಿಗೆ ನಿಂತಿತ್ತು. ಬೀಟೆಯ ಕಾಲು, ಬೀಟೆಯ ಅಂಚು, ಎರಡು ಪುಟ್ಟ ಬಾಗಿಲು, ಬಾಗಿಲಿಗೆ ಹಿಡಿದು ತೆಗೆಯಲು ಹಿತ್ತಾಳೆ ಗುಬ್ಬಿ. ಮೇಲಿನ ಹಲಗೆ ಕನ್ನಡಿಯ ಹಾಗೆ ಮಿನುಗುತ್ತಿತ್ತು. ಎಷ್ಟು ಚೆನ್ನಾಗಿದೆಯಲ್ಲ, ಯಾರದು ಎಂದು ಕೇಳಿದೆ. ನಿಮ್ಮದೇ ಎಂದರು. ನಿಮ್ಮ ಯಂತ್ರ ಬಂದರೆ ಬರಿ ನೆಲದ ಮೇಲೆ ಇಡುವುದಕ್ಕಾಗುತ್ತದೆಯೇ, ಧೂಳು ಕೂತರೆ ಕೆಡುವುದಿಲ್ಲವೇ ಎಂದು ಕೇಳಿದರು. ಅಳತೆ ಎಲ್ಲಿಂದ ಸಿಕ್ಕಿತು ಎಂದರೆ, ನೀವೇ ಕೈಯಲ್ಲಿ ತೋರಿಸಿದಿರಲ್ಲ ಎಂದರು. ನಾನು ಮೇಲಿನ ಹಲಗೆಯ ಮೇಲೆ ಅಂಗೈ ಇಟ್ಟೆ. ನನ್ನ ಬೋರ್ಡಿಗೆಂದು ಎಷ್ಟೋ ಶುಕ್ರವಾರ ಉಜ್ಜಿದ ಹಲಗೆ. ಜೇಬಿನಲ್ಲಿದ್ದ ಸ್ಟ್ರೈಕರನ್ನು ಅದರ ಮೇಲಿಟ್ಟು ಬೆರಳು ತಾಗಿಸಿದ್ದರೆ ಗೋಡೆಯವರೆಗೂ ಹೋಗುತ್ತಿತ್ತೋ ಏನೋ. ತೆಗೆಯುವ ಧೈರ್ಯ ಬರಲಿಲ್ಲ. ಹಳೇ ಬೋರ್ಡು ಎಲ್ಲಿ ಎಂದು ಕೇಳಿದೆ. ಇನ್ನು ಯಾರು ಆಡುತ್ತಾರೆ ಎಂದು ಉಡುತಡಿಯ ಕುರಿಯವರೊಬ್ಬರಿಗೆ ಕೊಟ್ಟುಬಿಟ್ಟರಂತೆ. ಕುರಿಮರಿ ಕೂಡುವ ಗೂಡಿಗೆ ಅವರಿಗೆ ಒಂದು ಕದ ಬೇಕಾಗಿತ್ತಂತೆ.

ಯಂತ್ರ ಬರುವುದಿಲ್ಲ ಎಂದು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಗಾಡಿ ಮಾಡಿಸಿ ಪೆಟ್ಟಿಗೆಯನ್ನು ಮನೆಗೆ ತಂದೆ. ಅದು ಮುಂಬಾಗಿಲಲ್ಲಿ ಹಿಡಿಸಲಿಲ್ಲ. ನಾನು ಆವತ್ತು ಕೈಯನ್ನು ಒಂದು ಗೇಣು ಕಡಿಮೆ ಅಗಲಿಸಿದ್ದರೆ ಹಿಡಿಸುತ್ತಿತ್ತು. ಕೊನೆಗೆ ಹಿತ್ತಲ ಕಡೆಯಿಂದ, ಅಡ್ಡ ಮಾಡಿ, ಬಚ್ಚಲಿನ ಮೂಲಕ ಒಳಗೆ ತಂದದ್ದಾಯಿತು. ಹೆಂಡತಿ, ಇದರೊಳಗೆ ಏನಿಡುವುದು ಎಂದು ಕೇಳಿದಳು. ಸದ್ಯಕ್ಕೆ ಏನೂ ಇಲ್ಲ ಎಂದೆ. ಒಂದು ವಾರ ನೋಡಿದಳು, ಎರಡನೆಯ ವಾರ ಸಂಡಿಗೆ ಡಬ್ಬಿಗಳನ್ನು ಇಟ್ಟಳು. ನೆಂಟರು ಬಂದರೆ ಇದೇನು ಎಂದು ಕೇಳುವರು. ಅವಳು ಅದು ಇವರ ಆಟದ ಯಂತ್ರದ ಪೆಟ್ಟಿಗೆ ಎನ್ನುವಳು, ಅವರು ಬಾಗಿಲು ತೆಗೆದು ಸಂಡಿಗೆ ನೋಡಿ ನನ್ನ ಮುಖ ನೋಡುವರು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಭಾನುವಾರ ಸಾಬರ ಕೊಟ್ಟಿಗೆಗೆ ಹೋದರೆ ಆಡುವುದಕ್ಕೆ ಏನೂ ಇರುತ್ತಿರಲಿಲ್ಲ. ಬಂತೇ ಎಂದು ಅವರು ಕೇಳುವರು, ಬರುತ್ತಿದೆ ಎಂದು ನಾನು ಹೇಳುವೆ. ಆಮೇಲೆ ಇಬ್ಬರೂ ಮಾತಿಲ್ಲದೆ ಚಹಾ ಕುಡಿಯುವೆವು. ಕೇರಂ ಇದ್ದಾಗ ಇಷ್ಟು ವರ್ಷ ಮಾತಾಡುತ್ತಿದ್ದದ್ದು ನಾವಲ್ಲ, ಬೋರ್ಡು ಎಂದು ಆಗ ಗೊತ್ತಾಯಿತು.

ಒಂದು ವರ್ಷ ಎಳೆದೆ. ಆಮೇಲೆ ಒಂದು ಭಾನುವಾರ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಮುಂಬಯಿಯ ಕಾರ್ಡು, ಹರಿದುಹೋದ ಕೆಳಗಿನ ಅರ್ಧ, ನಾನು ತುಂಬಿಕೊಂಡ ಸುಳ್ಳು, ಎಲ್ಲ. ಇನ್ನೊಂದು ಬೋರ್ಡು ಮಾಡಿಕೊಡಿ, ನೀವೂ ನಾನೂ ಮೊದಲಿನ ಹಾಗೆ ಆಡೋಣ ಎಂದು ಗೋಗರೆದೆ. ಅಂಥ ಮರ ಇನ್ನು ಸಿಗಲಾರದು ಎಂದರು ಸಾಬರು. ಸಿಕ್ಕರೂ ಅಷ್ಟು ಉಜ್ಜಲು ತೋಳು ಏಳುವುದಿಲ್ಲ ಎಂದರು. ಹಾಗಾದರೆ ಅದನ್ನು ಕತ್ತರಿಸುವ ಮೊದಲು ನನಗೊಂದು ಮಾತು ಹೇಳಬಾರದಿತ್ತೇ ಎಂದೆ. ನೋಡಿ ನನ್ನ ಮುಖದ ದಪ್ಪ ಚರ್ಮ, ಕೇಳಿದ್ದು ನಾನೇ. ಸಾಬರು ಗರಗಸವನ್ನು ಪಕ್ಕಕ್ಕಿಟ್ಟರು.

“ಅದು ಬರೋದಿಲ್ಲ ಅಂತ ಪೆಟ್ಟಿಗೆ ಮುಗಿಯೋ ಮೊದಲೇ ನನಗ ಅನಿಸಿತ್ತು ಗುಮಾಸ್ತ್ರೇ. ಆದ್ರ ನೀವು ಅದರ ಬಗ್ಗೆ ಎಷ್ಟು ಚಂದ ಮಾತಾಡಿದ್ರಿ. ಕಾಣದ ಡಬ್ಬಿ ಬಗ್ಗೆ ಮುಕ್ಕಾಲು ತಾಸು. ನನ್ನ ಬೋರ್ಡಿನ ಬಗ್ಗೆ ಒಂದಿನ ಆದ್ರೂ ಹಂಗ ಮಾತಾಡಿದ್ದು ನೆನಪೈತೇನು? ಅದಕ್ಕ ಆಮೇಲೆ ಅದನ್ನ ಉಜ್ಜೋಕೆ ಕೈ ಬರಲಿಲ್ಲ.”

ನೆನಪು ಮಾಡಿಕೊಂಡೆ. ಇನ್ನೂ ಆಗಲಿಲ್ಲವೇ ಎಂಬುದೊಂದೇ ನೆನಪಿಗೆ ಬಂತು. ಮನೆಗೆ ಹೋಗಿ ಪೆಟ್ಟಿಗೆಯ ಮುಂದೆ ಕೂತೆ. ಅದರ ಅಂಚು ಕೂಡಿದ ಕಡೆ ಉಗುರು ಹೋಗದು, ಎಲ್ಲೂ ಒಂದು ಮೊಳೆ ಕಾಣದು, ಹಲಗೆಯ ಮೇಲೆ ಕೆನ್ನೆ ಇಟ್ಟರೆ ತಣ್ಣಗೆ ನುಣ್ಣಗೆ ಇದೆ. ಹೆಂಡತಿಯನ್ನು ಕರೆದು ತೋರಿಸಿ ಒಂದೊಂದನ್ನೂ ಬಣ್ಣಿಸಿದೆ. ಅವಳು ಪೂರ್ತಿ ಕೇಳಿ, ಇದನ್ನು ಸಾಬರಿಗೆ ಹೇಳಿದಿರಾ ಎಂದಳು. ಇಲ್ಲ ಎಂದೆ. ಮತ್ತೆ ನನಗೆ ಯಾಕೆ ಹೇಳುತ್ತೀರಿ ಎಂದು ಎದ್ದು ಹೋದಳು.

ಮುಂದಿನ ಭಾನುವಾರ ಅದಕ್ಕೆಂದೇ ಹೋದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಸಾಬರು ಸ್ಟೂಲು ಕೊಟ್ಟರು, ಚಹಾ ತರಿಸಿದರು, ಏನು ಸಮಾಚಾರ ಎಂದು ಕೇಳಿದರು. ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಮುಖ ನೋಡಿ ನಿಮ್ಮ ಕೈಕೆಲಸ ಬಲು ಚೆಂದ ಎಂದು ಹೇಳುವುದು ಇಷ್ಟು ಕಷ್ಟ ಎಂದು ಯಾವ ಪತ್ರಿಕೆಯಲ್ಲೂ ಬರೆದಿರಲಿಲ್ಲ. ಬಾಯಿ ತೆರೆದೆ. ಬಂದ ಮಾತು, ಆ ಬೆಳಗ್ಗೆ ಪೇಪರಿನಲ್ಲಿ ಓದಿದ್ದ, ಬಿಸಿಲಿನಿಂದಲೇ ಅನ್ನ ಬೇಯಿಸುವ ಹೊಸ ಒಲೆಯೊಂದರದ್ದು. ಅರ್ಧ ಗಂಟೆ ಹೇಳಿದೆ. ಸಾಬರು ಪೂರ್ತಿ ಕೇಳಿದರು. ಈ ಸಲ ಮಾತ್ರ ಅದು ಎಷ್ಟು ದೊಡ್ಡದಿರಬಹುದು ಎಂದು ಕೇಳಲಿಲ್ಲ.