ಮೊದಲು ಯಾವ ಸ್ವಿಚ್ಚು?

ಜಾತಕ, ವಾಸ್ತು, ಹವಾಮಾನ ವರದಿ, ಎಲ್ಲವನ್ನೂ ಅನುಮಾನಿಸುವುದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತು. ಈಗ ಆ ಅನುಮಾನ ನನ್ನ ಜ್ಞಾಪಕಶಕ್ತಿಯ ಮೇಲೇ ತಿರುಗಿಬಿದ್ದಿದೆ. ಗೇಟಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಶಿವಮೊಗ್ಗದ ಅಂಚಿನ ನವುಲೆಯಿಂದ ವಿನೋಬನಗರದ ಮನೆಗೆ ಸ್ಕೂಟರ್ ತಿರುಗಿಸಿ ಬರುತ್ತೇನೆ. ಬೀಗ ಎಳೆದು ನೋಡಿ ನೆಮ್ಮದಿಯಿಂದ ಮತ್ತೆ ನವುಲೆ ತಲುಪುವಷ್ಟರಲ್ಲಿ, ಎಳೆದದ್ದು ನಮ್ಮ ಗೇಟಿನ ಬೀಗವೋ ಪಕ್ಕದ ಮನೆಯದೋ ಎಂಬ ಹೊಸ ಸಂಶಯ ಹುಟ್ಟಿರುತ್ತದೆ. ಇಂಥವನು ಡಿಜಿಟಲ್ ಆಂಪ್ಲಿಫೈಯರ್ ಕಟ್ಟಬಾರದಿತ್ತು. ಕಟ್ಟಿದೆ.

ನನ್ನ ಹೆಂಡತಿ ವಿಜಯಾ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಅವಳ ಪಾಠಕ್ಕೆ ತಂಬೂರಿಯ ಶ್ರುತಿ ಕೇಳಿಸಲೆಂದು ನಾಲ್ಕು ತಿಂಗಳು ಕೂತು ಒಂದು ಪೆಟ್ಟಿಗೆ ಮಾಡಿದೆ. ಒಳಗೆ ಶ್ರುತಿ ನುಡಿಸುವ ಪ್ಲೇಯರ್ ಒಂದು, ಆಂಪ್ಲಿಫೈಯರ್ ಒಂದು. ಎರಡಕ್ಕೂ ಬೇರೆ ಬೇರೆ ಸ್ವಿಚ್ಚು. ಒಂದು ದಿನ ಚೆನ್ನಾಗಿ ನುಡಿಯುವುದು, ಮರುದಿನ "ಟಪ್" ಎಂದು ಮೌನಕ್ಕೆ ಜಾರುವುದು. ಕೆಲವೊಮ್ಮೆ ಹಾಡಿನ ನಡುವೆಯೇ ಬಾಯಿ ಕಟ್ಟುವುದು.

"ಶನಿವಾರ ದುರ್ಗಿಗುಡೀಲಿ ಮಕ್ಕಳ ಕಛೇರಿ ರೀ. ಮಧ್ಯೆ ಶ್ರುತಿ ನಿಂತ್ರೆ ಹನ್ನೆರಡು ಮಕ್ಕಳು ಹನ್ನೆರಡು ಶ್ರುತಿ ಹಿಡೀತಾವೆ. ಗುರುವಾರದೊಳಗೆ ಸರಿಯಾಗ್ಲಿಲ್ವೋ, ನಿಮ್ಮ ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತೆ ಮಾರಾಯ್ರೇ" ಎಂದಳು.

ಬುಧವಾರ ಪೆಟ್ಟಿಗೆ ಹೊತ್ತು ಭದ್ರಾವತಿಗೆ ಹೋದೆ. ಅಲ್ಲಿ ಹಳೇನಗರದಲ್ಲಿ ಸೆಲ್ವಿ ಎಂಬವರ ರಿಪೇರಿ ಅಂಗಡಿ ಇದೆ. ಅವರ ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಮೀಟರು ಸರಿಮಾಡುತ್ತಿದ್ದರಂತೆ. ಮಗಳು ಅದನ್ನು ನೋಡುತ್ತಲೇ ಕಲಿತವರು. ನಾನು ಎಂ.ಎಸ್ಸಿ. ಎಂದು ಮೊದಲೇ ತಿಳಿಸಿದೆ. ಅವರು "ಪರವಾಗಿಲ್ಲ ಸಾರ್" ಎಂದರು.

"ಮೊದಲು ಯಾವ ಸ್ವಿಚ್ ಹಾಕ್ತೀರಾ?"

"ಪ್ಲೇಯರ್. ಯಾವಾಗಲೂ ಪ್ಲೇಯರೇ." ಆಮೇಲೆ "ಬಹುಶಃ" ಎಂದು ಸೇರಿಸಿದೆ.

"ಬಾಯಲ್ಲಿ ಬೇಡ ಸಾರ್. ಮನೇಲಿ ಹಾಕೋ ಥರ ಹಾಕಿ ತೋರ್ಸಿ." ನಾನು ಕೈ ಮುಂದೆ ಮಾಡುತ್ತಿದ್ದಂತೆ, "ಬಸ್ಸಲ್ಲಿ ಬಂದ್ರಾ, ಸ್ಕೂಟರಲ್ಲಾ?" ಎಂದು ಕೇಳಿದರು. ಉತ್ತರ ಹೇಳುವುದರೊಳಗೆ ಕೈ ತಾನಾಗಿಯೇ ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿಬಿಟ್ಟಿತ್ತು! ಹೀಗೆ ಮಾತಾಡಿಸುತ್ತಲೇ ಐದು ಸಲ ಹಾಕಿಸಿ, ಒಂದು ರಟ್ಟಿನ ಮೇಲೆ ಗೀಟು ಹಾಕಿಕೊಂಡರು. ಮೂರು ಸಲ ಆಂಪ್ಲಿಫೈಯರ್ ಮೊದಲು, ಮೂರೂ ಸಲ ಮೌನ. ಎರಡು ಸಲ ಪ್ಲೇಯರ್ ಮೊದಲು, ಎರಡೂ ಸಲ ತಂಬೂರಿ.

"ನಿಮ್ಮ ಕೈಗೂ ನೆನಪಿಲ್ಲ, ಬಿಡಿ."

ನನಗೆ ನಾಚಿಕೆಗಿಂತ ಗೌರವವೇ ಹೆಚ್ಚಾಯಿತು. ಹತ್ತು ದಿನ ನಾನು ಸಿದ್ಧಾಂತ ಕಟ್ಟಿದ್ದೆ. ಅವರು ಹತ್ತು ನಿಮಿಷದಲ್ಲಿ ಪ್ರಯೋಗ ಮಾಡಿ ಮುಗಿಸಿದ್ದರು. ಆಮೇಲೆ ಮುಚ್ಚಳ ತೆಗೆದು, ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಕ್ಲಾಕ್ ಮಿಡಿತ, ಅಂದರೆ ಎರಡನ್ನೂ ಒಂದೇ ಲಯದಲ್ಲಿಡುವ ಸಂಕೇತ, ಒಯ್ಯುವ ವೈರನ್ನು ಬೆರಳಲ್ಲಿ ಎತ್ತಿದರು.

"ಇಷ್ಟುದ್ದ ಯಾಕೆ ಸಾರ್?"

"ಬದಿಯಲ್ಲಿ ಸುತ್ತಿಸಿದರೆ ನೋಡೋಕೆ ಚೆನ್ನಾಗಿರುತ್ತೆ ಅಂತ..."

"ಅಯ್ಯೋ! ತಾಳ ಹಾಕೋರು ಇಲ್ಲಿ, ಹಾಡೋರು ಶಿವಮೊಗ್ಗದಲ್ಲಿ ಕೂತ್ರೆ ಆಗುತ್ತಾ? ಮಿಡಿತ ಹೋಗ್ತಾ ಹೋಗ್ತಾನೇ ಕೆಡುತ್ತೆ. ತಾಳ ತಪ್ಪಿದ್ರೆ ಈ ಆಂಪ್ಲಿಫೈಯರ್ ಚಿಪ್ ಬಾಯಿ ಮುಚ್ಕೊಳ್ಳುತ್ತೆ. ತಾಳ ಶುರುವಾಗೋ ಮುಂಚೆ ಎಬ್ಬಿಸಿದ್ರೂ ಅಷ್ಟೇ. ಮನುಷ್ಯರಿಗಿಂತ ವಾಸಿ."

ವೈರನ್ನು ಹೆಬ್ಬೆರಳುದ್ದಕ್ಕೆ ಕತ್ತರಿಸಿದರು. ಪ್ಲೇಯರ್ ಸರಿಯಾಗಿ ಮಿಡಿಯತೊಡಗಿದ ಮೇಲೆಯೇ ಆಂಪ್ಲಿಫೈಯರ್ ಏಳುವಂತೆ ಒಂದು ಪುಟ್ಟ ಕೆಪಾಸಿಟರ್ ಕೂಡಿಸಿದರು. ನನ್ನ ಎರಡೂ ಸ್ವಿಚ್ಚು ಕಿತ್ತು, ಒಂದೇ ಸ್ವಿಚ್ಚು ಹಾಕಿದರು. "ಇನ್ನು ನೀವು ಏನೂ ನೆನಪಿಟ್ಕೊಳ್ಳೋದು ಬೇಡ ಸಾರ್" ಎಂದರು. ಇಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ಕೆಲಸದಿಂದ ತೆಗೆದಿರಲಿಲ್ಲ.

ಶನಿವಾರದ ಕಛೇರಿಯಲ್ಲಿ ಎರಡು ಗಂಟೆ ಕಾಲ ತಂಬೂರಿಯ ಶ್ರುತಿ ಒಂದಿಷ್ಟೂ ಅಲುಗಲಿಲ್ಲ. ಸ್ವಿಚ್ಚು ಹಾಕಿದವಳು ವಿಜಯಾ. ಪೆಟ್ಟಿಗೆಯ ಪಕ್ಕ ಕೂರಲು ಹೊರಟ ನನಗೆ ಅವಳು ಬೇರೆ ಜವಾಬ್ದಾರಿ ವಹಿಸಿದಳು: ಬಾಗಿಲಲ್ಲಿ ಚಪ್ಪಲಿ ನೋಡಿಕೊಳ್ಳುವುದು. ಒಂದು ಜೋಡಿಯೂ ಕಳೆಯದಂತೆ ಕಾದೆ. ಹೆಮ್ಮೆಯಿಂದಲೇ ಮನೆಗೆ ಬಂದೆ.

ಮೆಟ್ಟಿಲ ಬಳಿ ವಿಜಯಾ ನಿಂತು ನನ್ನ ಕಾಲು ನೋಡಿದಳು. "ರೀ, ಇದು ಯಾರದು?"

ನನ್ನದೇ ಎಂದೆ. ಬಹುಶಃ.