ಹತ್ತು ಎಣಿಸುವುದರೊಳಗೆ ಹೋದ ಹೆಸರು

ಮೊಮ್ಮಗಳು ಹುಟ್ಟಿದ ಖಬರು ಬಂದ ದಿನ ಬೆಟಗೇರಿಯ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಸಂತೋಷದಲ್ಲಿ ಕೆಲವರ ಮನೆಗೆ ಎರಡೆರಡು ಸಲ! ಹೆಸರು ಸೂಚಿಸುವ ಮಾನ ನನಗೇ ಬಿಟ್ಟಿದ್ದರು. ನನ್ನ ಹೆಂಡತಿ ತೀರಿಕೊಂಡು ಆಗ ಎರಡು ವರ್ಷ. ಕೂಸಿಗೆ ಅವಳ ಹೆಸರೇ ಎಂದು ನಿಶ್ಚಯಿಸಿದೆ.

ಆದರೆ ತೊಟ್ಟಿಲ ಕಾರ್ಯ ಮಗಳ ಅತ್ತೆಮನೆಯಲ್ಲಿ, ಶಿರಹಟ್ಟಿಯಲ್ಲಿ. ನನ್ನ ಕಾಲು ಉಳುಕಿ ಕುಂಬಳಕಾಯಿ! ಕಾಗದ ಬರೆಯೋಣವೆಂದರೆ ನನ್ನ ಅಕ್ಷರ ನನಗೇ ತಿಳಿಯದು. ಕಾರ್ಯಕ್ಕೆ ಹೊರಟಿದ್ದ ಪಕ್ಕದ ಮನೆಯ ದರ್ಜಿ ಹುಸೇನಸಾಬ ತನ್ನ ಟೇಪ್ ರೆಕಾರ್ಡರ್ ತಂದಿಟ್ಟ.

“ಕಾಕಾ, ಎರಡೂ ಗುಂಡಿ ಕೂಡಿಸಿ ಒತ್ರಿ. ಮೊದಲಿನ ಪಟ್ಟಿ ಖಾಲಿ ಇರ್ತೈತಿ, ಮಾತು ಹಿಡಿಯೂದಿಲ್ಲ. ಹತ್ತು ಎಣಿಸಿ ಆಮ್ಯಾಲೆ ಮಾತಾಡ್ರಿ.”

“ಮಗ್ಗದಾಗ ಸಾವಿರ ಎಳಿ ಎಣಿಸಾಂವಗ ಹತ್ತು ಕಲಿಸ್ತೀಯೇನಲೇ? ನಡಿ ಹೊರಗ!”

ಹೊರಗೆ ಕಳಿಸಲು ಕಾರಣವಿತ್ತು. ಮೂವತ್ತು ವರ್ಷ ಸಂಸಾರ ಮಾಡಿದರೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ ನಾನು. “ಏ, ಇಲ್ಲಿ ಬಾ.” ಅಷ್ಟೇ.

ಮೊದಲ ಸಲ ಒಂದೇ ಗುಂಡಿ ಒತ್ತಿ ಅರ್ಧ ತಾಸು ಭಾಷಣ ಮಾಡಿದೆ. ಒಂದಕ್ಷರವೂ ಹಿಡಿದಿರಲಿಲ್ಲ! ಪಟ್ಟಿಯನ್ನು ಮೊದಲಿಗೆ ಸುತ್ತಿಸಿ, ಈ ಸಲ ಎರಡೂ ಒತ್ತಿ ಎಣಿಸಿದೆ. ನೇಕಾರನ ಎಣಿಕೆ, ಲಾಳಿ ಓಡಿದ ಹಾಗೆ: ಒಂದೆರಡುಮೂರುನಾಕು... ಒಂದೇ ಉಸಿರಿಗೆ ಹತ್ತು! “ನೀಲವ್ವ ಅಂತ ಇಡ್ರಿ” ಎಂದೆ.

ಖಾಲಿ ಮನೆಯಲ್ಲಿ ಆ ಹೆಸರು ಕೇಳಿ ನಾನೇ ಅಡಿಗೆಮನೆಯ ಕಡೆ ತಿರುಗಿ ನೋಡಿದೆ. ಇನ್ನೊಮ್ಮೆ ಹೇಳಲು ನಾಚಿಕೆ. ತಿರುಗಿ ಹಚ್ಚಿ ಕೇಳಲು ಧೈರ್ಯ ಸಾಲದು. ಉಳಿದ ಪಟ್ಟಿಯ ತುಂಬ ನನ್ನ ಕಾಲುಬಾವಿನ ವರ್ಣನೆ!

ಕಾರ್ಯ ಮುಗಿಸಿ ಹುಸೇನಸಾಬ ಪೇಢೆ ಹಿಡಿದು ಬಂದ.

“ಕಾಕಾ, ಟೇಪ್ ಹಚ್ಚಿದ್ವಿ. ‘...ವ್ವ ಅಂತ ಇಡ್ರಿ’ ಅಂತು! ಯಾವ ಅವ್ವ? ಅಲ್ಲಿ ಕುಂತಾವ್ರೆಲ್ಲಾ ಒಂದಿಲ್ಲೊಂದು ಅವ್ವಗೋಳನ! ನಿಮ್ಮ ಮಗಳು ಬಾಯಿ ತೆರೆಯೂದ್ರಾಗ ನಿಮ್ಮ ಬೀಗತಿ ಎದ್ದು, ‘ನಮ್ಮ ಬೀಗರದು ದೊಡ್ಡ ಮನಸು, ನನ್ನ ಹೆಸರನ ಹೇಳ್ಯಾರ’ ಅಂತ ಕೂಸಿನ ಕಿವ್ಯಾಗ ಹೆಸರು ಹೇಳಿ ಕುರ್ರ್ ಅಂದಬಿಟ್ರು!”

“ಏನಂತ?”

“ಫಕೀರವ್ವ!”

ನನ್ನ ನೀಲವ್ವನ ‘ನೀಲ’ ಖಾಲಿ ಪಟ್ಟಿಯ ಪಾಲಾಗಿತ್ತು. ಪೇಢೆ ಬೀಗತಿ ಕಳಿಸಿದ್ದು, ನನ್ನ ದೊಡ್ಡ ಮನಸ್ಸಿಗೆ. ತಿಂದೆ. ಮತ್ತೇನು ಮಾಡಲಿ?

ಈಗ ಫಕೀರವ್ವ ಓಡಾಡುವಷ್ಟಾಗಿದ್ದಾಳೆ. ಚಂದ್ರನ ತುಂಡು! ಅವಳು ಬಂದಾಗ, ಯಾರೂ ಇಲ್ಲದ ಹೊತ್ತು ನೋಡಿ, ಒಮ್ಮೆಯಾದರೂ ನನ್ನವಳ ಹೆಸರಿನಿಂದ ಕರೆಯಬೇಕೆಂದು ಆಸೆ. ಪಾಠ ಕಲಿತವನು ನೋಡಿ, ಮೊದಲು ನಿಧಾನವಾಗಿ ಹತ್ತು ಎಣಿಸುತ್ತೇನೆ.

ಎಂಟಕ್ಕೆ ಬರುವುದರೊಳಗೆ ಅವಳು ಹುಸೇನಸಾಬನ ಅಂಗಡಿ ಸೇರಿರುತ್ತಾಳೆ!